ಎಪಾಕ್ಸಿಯ ಬಿರುಕು ಮತ್ತು ನ್ಯಾನೊ ಕಣ

ಎಪಾಕ್ಸಿ ಎಂಬ ರೆಸಿನ್ನಿನ ದೌರ್ಬಲ್ಯ ಇರುವುದು ಅದರ ಗಟ್ಟಿತನದಲ್ಲೇ. ಹಾರ್ಡನರ್ ಬೆರೆತ ಮೇಲೆ ರೆಸಿನ್ನಿನ ಅಣುಸರಪಳಿಗಳು ಒಂದಕ್ಕೊಂದು ಹೆಣೆದುಕೊಂಡು ಬಿಗಿಯಾದ ಬಲೆಯಾಗುತ್ತವೆ. ಈ ಹೆಣಿಗೆಯಿಂದಾಗಿ ಅದು ಭಾರ ಹೊರುತ್ತದೆ, ಬಿಸಿಗೆ ಕರಗುವುದಿಲ್ಲ. ಆದರೆ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸರಪಳಿಗಳಿಗೆ ಜರುಗಲು ಎಡೆಯಿಲ್ಲದೆ ಬಿರುಕು ಓಡಿಬಿಡುತ್ತದೆ. 1940ರ ದಶಕದಲ್ಲಿ ಎಪಾಕ್ಸಿ ಅಂಟಾದ ಅರಾಲ್ಡೈಟ್ ಮಾರುಕಟ್ಟೆಗೆ ಬಂದಾಗಿನಿಂದ ಈ ಪೆಡಸುತನ ಎಂಜಿನಿಯರುಗಳ ತಲೆನೋವು. 1960ರ ದಶಕದ ಕೊನೆಯ ಹೊತ್ತಿಗೆ ದ್ರವ ರಬ್ಬರ್ ಬೆರೆಸುವ ಉಪಾಯ ಹೊಳೆಯಿತು. ಅದರಿಂದ ಬಿರುಕು ನಿಧಾನವಾಯಿತು ನಿಜ, ಆದರೆ ರೆಸಿನ್ನಿನ ಬಿಗಿತ ಕಡಿಮೆಯಾಯಿತು, ಅನೇಕ ಮಿಶ್ರಣಗಳಲ್ಲಿ ಶಾಖ ತಾಳುವ ಶಕ್ತಿಯೂ ಇಳಿಯಿತು. ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯುವ ಈ ಚೌಕಾಸಿಯನ್ನು ತಪ್ಪಿಸುವುದೇ ನ್ಯಾನೊ ಕಣಗಳ ಸಂಶೋಧನೆಯ ನಿಜವಾದ ಗುರಿ.

ಮೊದಲ ಆಸೆ ಬಲಿಷ್ಠ ಕಣದ ಮೇಲಿತ್ತು. 1991ರಲ್ಲಿ ಜಪಾನಿನ ವಿಜ್ಞಾನಿ ಇಜಿಮಾ ಇಂಗಾಲದ ನ್ಯಾನೊಕೊಳವೆಗಳನ್ನು ವರ್ಣಿಸಿದರು. 1994ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದಿದ ಪುಳಿಕ್ಕಲ್ ಅಜಯನ್ ಮತ್ತು ಸಂಗಡಿಗರು ಅವನ್ನು ಎಪಾಕ್ಸಿಯಲ್ಲಿ ಹುದುಗಿಸಿ ತೋರಿಸಿದರು. ಉಕ್ಕನ್ನು ಮೀರಿಸುವ ಕೊಳವೆ ಸೇರಿದರೆ ರೆಸಿನ್ನೂ ಬಲವಾಗಲೇಬೇಕಲ್ಲವೇ? ಹಾಗಾಗಲಿಲ್ಲ. ಬಹುಪದರದ ಕೊಳವೆಯನ್ನು ಎಳೆದಾಗ ಭಾರ ಹೊರಪದರವನ್ನಷ್ಟೇ ಮುಟ್ಟುತ್ತದೆ, ಒಳಪದರಗಳು ಜಾರಿಕೊಳ್ಳುತ್ತವೆ ಎಂದು 1998ರಲ್ಲಿ ಅದೇ ಅಜಯನ್ ಜೊತೆಗೂಡಿ ಲಿಂಡಾ ಶಾಡ್ಲರ್ ತೋರಿಸಿದರು. ಇದರ ಮೇಲೆ ಕೊಳವೆಗಳು ಗಂಟು ಕಟ್ಟುತ್ತವೆ. ಗಂಟು ಕಟ್ಟಿದ ಕಡೆಯಿಂದಲೇ ಬಿರುಕು ಶುರುವಾಗುತ್ತದೆ. ನನ್ನ ವಾದ ಇಷ್ಟು: ಕಣ ಎಷ್ಟು ಬಲಿಷ್ಠ ಎನ್ನುವುದಕ್ಕಿಂತ ಅದು ಹೇಗೆ ಹರಡಿದೆ, ರೆಸಿನ್ನನ್ನು ಹೇಗೆ ಹಿಡಿದಿದೆ ಎಂಬುದು ಫಲಿತಾಂಶವನ್ನು ನಿರ್ಧರಿಸುತ್ತದೆ.

ಅದಕ್ಕೆ ಪುರಾವೆ ಸಾಧಾರಣ ಸಿಲಿಕಾ. ದ್ರಾವಣದಿಂದಲೇ ಕಣಗಳನ್ನು ಬೆಳೆಸುವ ಸೋಲ್-ಜೆಲ್ ವಿಧಾನದಲ್ಲಿ ಸುಮಾರು 20 ನ್ಯಾನೊಮೀಟರಿನ ಕಣಗಳನ್ನು ಗಂಟಿಲ್ಲದಂತೆ ರೆಸಿನ್ನಿನಲ್ಲೇ ಹರಡಿ ಕೊಡುವುದು ಸಾಧ್ಯವಾಯಿತು. 2007ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಆಂಟನಿ ಕಿನ್‌ಲಾಕ್ ಮತ್ತು ಸಂಗಡಿಗರು ಗಾತ್ರದಲ್ಲಿ ಶೇ. 13ರಷ್ಟು ಸಿಲಿಕಾ ಸೇರಿಸಿದಾಗ, ಬಿರುಕು ಬೆಳೆಯಲು ಬೇಕಾದ ಶಕ್ತಿ ಚದರ ಮೀಟರಿಗೆ 100 ಜೂಲಿನಿಂದ 460 ಜೂಲಿಗೆ ಏರಿತು. ಬಿಗಿತವೂ ಹೆಚ್ಚಿತು, ಶಾಖ ತಾಳುವ ಮಿತಿ ಕದಲಲಿಲ್ಲ. ಬಿರುಕಿನ ತುದಿಯಲ್ಲಿ ಕಣ ರೆಸಿನ್ನಿನಿಂದ ಬಿಟ್ಟುಕೊಳ್ಳುತ್ತದೆ, ಸುತ್ತ ಪುಟ್ಟ ಪೊಳ್ಳು ತೆರೆದು ಹಿಗ್ಗುತ್ತದೆ, ಆ ಹಿಗ್ಗುವಿಕೆ ಶಕ್ತಿಯನ್ನು ನುಂಗುತ್ತದೆ. ಕಣ ಕಳಚಿಕೊಳ್ಳುವುದೇ ಇಲ್ಲಿ ಲಾಭ. ಅದರ ಸ್ವಂತ ಬಲಕ್ಕೆ ಇಲ್ಲಿ ಕೆಲಸ ಕಡಿಮೆ.

ಒಂದು ಆಕ್ಷೇಪ ಗಂಭೀರವಾದದ್ದು: ವಿಮಾನದ ಭಾಗಗಳಲ್ಲಿ ಎಪಾಕ್ಸಿ ಒಂಟಿಯಾಗಿರುವುದಿಲ್ಲ, ನಾರುಗಳ ಇಕ್ಕಟ್ಟಿನಲ್ಲಿ ಇರುತ್ತದೆ, ಅಲ್ಲಿ ಪೊಳ್ಳು ಹಿಗ್ಗಲು ಜಾಗವೆಲ್ಲಿ? ಇದಕ್ಕೆ ಉತ್ತರ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್‌ನ ಸಿ. ಎಂ. ಮಂಜುನಾಥ ಇಂಪೀರಿಯಲ್ ತಂಡದೊಡನೆ ಮಾಡಿದ ಕೆಲಸದಲ್ಲಿದೆ. ತೂಕದಲ್ಲಿ ಶೇ. 10 ಸಿಲಿಕಾ ಇದ್ದ ರೆಸಿನ್ನಿನಿಂದ ಗಾಜುನಾರಿನ ಹಲಗೆ ಮಾಡಿ ಮತ್ತೆ ಮತ್ತೆ ಎಳೆದು ಬಿಟ್ಟಾಗ ಅದರ ದಣಿವಿನ ಆಯಸ್ಸು ಮೂರು-ನಾಲ್ಕು ಪಟ್ಟಾಯಿತು. ರೆಸಿನ್ನಿನಲ್ಲಿ ಬಿರುಕು ಮೂಡುವುದು ತಗ್ಗಿತ್ತು, ಮೂಡಿದ್ದು ತಡವಾಗಿ ಬೆಳೆದಿತ್ತು. ಒಂದೇ ಏಟಿಗೆ ಮುರಿಯುವ ಪರೀಕ್ಷೆಯಲ್ಲಿ ಕಾಣದ ಲಾಭ ಲಕ್ಷಾಂತರ ಸುತ್ತುಗಳಲ್ಲಿ ಕಂಡೀತು. ವಿಮಾನಕ್ಕೂ ಗಾಳಿಯಂತ್ರದ ರೆಕ್ಕೆಗೂ ಬೇಕಾದದ್ದು ಈ ಎರಡನೆಯದೇ.

ಅಗ್ಗದ ಮೈಕ್ರಾನ್ ಗಾತ್ರದ ಪುಡಿ ಸಾಲದೇ ಎನ್ನುವವರಿದ್ದಾರೆ. ಅಚ್ಚಿಗೆ ಸುರಿಯುವ ಕೆಲಸಕ್ಕೆ ಹಲವು ಸಲ ಸಾಕು. ಆದರೆ ನಿರ್ವಾತದಲ್ಲಿ ರೆಸಿನ್ನನ್ನು ನಾರಿನ ಬಟ್ಟೆಯೊಳಗೆ ಎಳೆಯುವಾಗ ದೊಡ್ಡ ಕಣವನ್ನು ಬಟ್ಟೆಯೇ ಸೋಸಿಬಿಡುತ್ತದೆ, ನ್ಯಾನೊ ಕಣ ನುಸುಳಿ ಒಳಗೆ ಹೋಗುತ್ತದೆ. ಚಿಟಿಕೆ ನ್ಯಾನೊ ಸಾಕು ಎಂಬ ಪ್ರಚಾರವನ್ನು ಮಾತ್ರ ನಾನು ಒಪ್ಪಲಾರೆ: ಬಿರುಕಿನ ವಿಷಯದಲ್ಲಿ ಶೇ. 10-13 ಎಂಬುದು ಚಿಟಿಕೆಯಲ್ಲ, ಬೆಲೆಯೂ ಅದಕ್ಕೆ ತಕ್ಕಂತೆ ಏರುತ್ತದೆ. ಚಿಟಿಕೆಯ ಪ್ರಭಾವ ನಿಜವಾಗಿ ಕಾಣುವುದು ವಿದ್ಯುತ್ ನಿರೋಧಕಗಳಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಶಾಂತನು ಸಿಂಘಾ ಮತ್ತು ಜಾಯ್ ಥಾಮಸ್ 2008ರಲ್ಲಿ ತೋರಿಸಿದಂತೆ, ಅತ್ಯಲ್ಪ ಪ್ರಮಾಣದ ಟೈಟಾನಿಯಂ ಡೈಆಕ್ಸೈಡ್ ಬೆರೆತ ಎಪಾಕ್ಸಿಯ ಪರ್ಮಿಟಿವಿಟಿ, ಅಂದರೆ ವಿದ್ಯುತ್ ಕ್ಷೇತ್ರದಲ್ಲಿ ಶಕ್ತಿಯನ್ನು ಹಿಡಿದಿಡುವ ಗುಣ, ಬರಿಯ ಎಪಾಕ್ಸಿಗಿಂತಲೂ ಕೆಳಗಿಳಿಯಿತು. ಸೇರಿಸಿದ ವಸ್ತುವಿನ ಪರ್ಮಿಟಿವಿಟಿಯೋ ಎಪಾಕ್ಸಿಯದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಕಣದ ಮೈಗೆ ಅಂಟಿದ ಸರಪಳಿಗಳು ಕದಲದೆ ನಿಲ್ಲುವುದೇ ಇದಕ್ಕೆ ಕಾರಣವೆಂದು ಅವರು ವಿವರಿಸಿದರು.