ಹೊಗೆ, ಉಸಿರು ಮತ್ತು ಶಾಸನ



1948ರ ಅಕ್ಟೋಬರ್ ಕೊನೆಯಲ್ಲಿ ಪೆನ್ಸಿಲ್ವೇನಿಯಾದ ಡೊನೋರಾ ಪಟ್ಟಣವನ್ನು ಸತು ಮತ್ತು ಉಕ್ಕಿನ ಕಾರ್ಖಾನೆಗಳ ಹೊಗೆ ದಿನಗಟ್ಟಲೆ ಮುಸುಕಿತು. ಇಪ್ಪತ್ತು ಮಂದಿ ಅಸುನೀಗಿದರು. ಸಾವಿರಾರು ಮಂದಿ ಅಸ್ವಸ್ಥರಾದರು. ಅಮೆರಿಕದ ವಾಯುಶುದ್ಧಿ ಕಾಯಿದೆಯ ಇತಿಹಾಸವನ್ನು ವೈದ್ಯರಾದ ನಾವು ಅಲ್ಲಿಂದಲೇ ಆರಂಭಿಸುತ್ತೇವೆ.

1970ರಲ್ಲಿ ಸೆನೆಟ್ ಈ ಮಸೂದೆಯನ್ನು 73–0 ಮತಗಳಿಂದ ಅಂಗೀಕರಿಸಿತು. ಡಿಸೆಂಬರ್ 31ರಂದು ರಿಪಬ್ಲಿಕನ್ ಅಧ್ಯಕ್ಷ ನಿಕ್ಸನ್ ಸಹಿ ಹಾಕಿದರು. ಗಾಳಿಯ ಗುಣಮಟ್ಟಕ್ಕೆ ಜನಾರೋಗ್ಯವೇ ಅಳತೆಗೋಲಾಯಿತು. ಆದರೆ ಹೊಸ ವಿದ್ಯುತ್ ಸ್ಥಾವರಗಳಿಗೆ ವಿಧಿಸಿದ ಕಟ್ಟುನಿಟ್ಟು ಹಳೆಯವಕ್ಕೆ ಅನ್ವಯಿಸಲಿಲ್ಲ. ಅವು ದಶಕಗಳ ಕಾಲ ಉರಿಯುತ್ತಲೇ ಇದ್ದವು. 1990ರಲ್ಲಿ ಹಿರಿಯ ಬುಷ್ ಸಹಿ ಹಾಕಿದ ತಿದ್ದುಪಡಿ ಸ್ಥಾವರಗಳ ಗಂಧಕದ ಡೈಆಕ್ಸೈಡಿಗೆ ಒಟ್ಟು ಮಿತಿ ಗೊತ್ತುಪಡಿಸಿ, ಆ ಮಿತಿಯೊಳಗಿನ ಪಾಲುಗಳ ಕ್ರಯವಿಕ್ರಯಕ್ಕೆ ಅವಕಾಶವಿತ್ತಿತು. ಆಮ್ಲಮಳೆ ಗಣನೀಯವಾಗಿ ತಗ್ಗಿತು.

ಬಳಿಕ ವಾದ ಹವಾಮಾನದತ್ತ ತಿರುಗಿ ನ್ಯಾಯಾಲಯವನ್ನೇರಿತು. ಹಸಿರುಮನೆ ಅನಿಲಗಳೂ ಈ ಕಾಯಿದೆಯ ವ್ಯಾಪ್ತಿಗೆ ಸೇರುತ್ತವೆಂದು ಸುಪ್ರೀಂ ಕೋರ್ಟ್ 2007ರಲ್ಲಿ 5–4ರಿಂದ ತೀರ್ಪಿತ್ತಿತು. ವಿದ್ಯುದುತ್ಪಾದನೆಯನ್ನು ಕಲ್ಲಿದ್ದಲಿನಿಂದ ಅನ್ಯ ಮೂಲಗಳಿಗೆ ತಿರುಗಿಸುವಂತಹ ಮಿತಿ ಹೇರಲು ಕಾಂಗ್ರೆಸ್ ಪರಿಸರ ಸಂರಕ್ಷಣಾ ಸಂಸ್ಥೆಗೆ ಸ್ಪಷ್ಟ ಅಧಿಕಾರ ಕೊಟ್ಟಿಲ್ಲವೆಂದು 2022ರಲ್ಲಿ 6–3ರಿಂದ ಹೇಳಿತು.

ನಿರ್ಧರಿಸುವವರು ಯಾರೆಂಬ ಪ್ರಶ್ನೆ ಪ್ರಜಾಪ್ರಭುತ್ವದಲ್ಲಿ ನ್ಯಾಯವಾದುದೇ. ಗಣಿ ಕಾರ್ಮಿಕರ ಜೀವನೋಪಾಯದ ಆತಂಕವೂ ಸುಳ್ಳಲ್ಲ. ಆದರೆ ಉಬ್ಬಸದಿಂದ ನಮ್ಮೆದುರು ಕುಳಿತ ಮಗುವಿನ ಪ್ರಶ್ನೆ 1948ರದ್ದೇ: ಈ ಗಾಳಿ ಉಸಿರಾಡಲು ಯೋಗ್ಯವೇ? ಎರಡೂ ಪಕ್ಷಗಳು ಒಮ್ಮೆ ಅದಕ್ಕೆ ಒಟ್ಟಾಗಿ ಉತ್ತರಿಸಿದ್ದವೆಂಬುದನ್ನು ನಾವು ಮರೆಯಬಾರದು.