ಗುಬ್ಬಿ ರಂಗದಿಂದ ಬೆಳ್ಳಿತೆರೆಗೆ: ಎರಡು ಚಿತ್ರಗಳಲ್ಲಿ ಪಾತ್ರಪ್ರವೇಶ

ಕನ್ನಡ ಚಲನಚಿತ್ರಗಳ ಪಾತ್ರಪ್ರವೇಶವನ್ನು ಕುರಿತ ಚರ್ಚೆ ತುಮಕೂರು ಜಿಲ್ಲೆಯ ಗುಬ್ಬಿಯಿಂದಲೇ ತೊಡಗಬೇಕು. 1884ರಲ್ಲಿ ಅಲ್ಲಿ ಹುಟ್ಟಿ, ಮುಂದೆ ಗುಬ್ಬಿ ವೀರಣ್ಣನವರ ಒಡೆತನದಲ್ಲಿ ನಾಡೆಲ್ಲ ಸುತ್ತಿದ ನಾಟಕ ಕಂಪನಿಯಲ್ಲಿ ಪಳಗಿದವರು ‘ಬೇಡರ ಕಣ್ಣಪ್ಪ’ (1954), ‘ಚೋಮನ ದುಡಿ’ (1975) ಎರಡರಲ್ಲೂ ಇದ್ದಾರೆ. ಒಂದು ಪೌರಾಣಿಕ, ಇನ್ನೊಂದು ಹೊಸ ಅಲೆಯದು ಎಂದು ಇವನ್ನು ದೂರ ದೂರ ಇಡುವುದು ರೂಢಿ. ಪಾತ್ರಗಳು ನಮ್ಮೆದುರು ಬರುವ ಬಗೆಯನ್ನು ಗಮನಿಸಿದರೆ ಆ ದೂರ ಕಡಿಮೆಯಾಗುತ್ತದೆ.

ಕಂಪನಿ ನಾಟಕದಲ್ಲಿ ಸ್ಥಳವನ್ನು ತಿಳಿಸುತ್ತಿದ್ದುದು ಬಣ್ಣದ ಪರದೆ: ಅರಮನೆ, ಕಾಡು, ಬೀದಿ. ಪಾತ್ರವನ್ನು ತಿಳಿಸುತ್ತಿದ್ದುದು ಸಂಗೀತ. ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ ‘ಬೇಡರ ಕಣ್ಣಪ್ಪ’ ಪರದೆಯ ತರ್ಕವನ್ನೇ ಮುಂದುವರಿಸಿತು. ಅದರ ನಾಯಕ ದಿಣ್ಣ, ನಾಯಕಿ ನೀಲ ಇಬ್ಬರೂ ದೇವಲೋಕದಿಂದ ಇಳಿದು ಬೇಡರಲ್ಲಿ ಹುಟ್ಟಿದವರು. ಆದ್ದರಿಂದ ಹಟ್ಟಿ, ಕಾಡು, ಗುಡಿ ಯಾವುದೂ ದಿಣ್ಣನನ್ನು ರೂಪಿಸುವುದಿಲ್ಲ. ಒಂದೊಂದೂ ಅವನನ್ನು ಪರೀಕ್ಷಿಸುತ್ತದೆ. ಅವನು ಯಾರೆಂದು ಪ್ರೇಕ್ಷಕರು ಬಲ್ಲರು, ಗುಡಿಯ ಅರ್ಚಕ ಅರಿಯ. ದಿಣ್ಣ ಶಿವನಿಗೆ ಮಾಂಸವನ್ನು ನೈವೇದ್ಯ ಮಾಡುವ ಪ್ರಸಂಗಕ್ಕೆ ಕಾವು ಬರುವುದು ಈ ಅಂತರದಿಂದ. ನಾಯಕನಾಗಿ ಮೊದಲ ಸಲ ಬಂದ ರಾಜ್‌ಕುಮಾರ್, ತಿಪಟೂರಿನ ನರಸಿಂಹರಾಜು ಇಬ್ಬರೂ ಕಂಪನಿಯ ನಟರು. ಕ್ಯಾಮೆರಾದ ಎದುರಿನಲ್ಲೂ ಅವರ ನಿಲುವು, ದನಿಗಳಲ್ಲಿ ರಂಗದ ತುಂಬುತನ ಉಳಿದಿದೆ. ಅದನ್ನು ದೋಷವೆನ್ನಲು ನನಗೆ ಮನಸ್ಸಿಲ್ಲ, ಆ ಕಥೆ ಬೇಡುವುದೇ ಅಂಥ ದನಿಯನ್ನು.

ಬಾಲ್ಯದಲ್ಲೇ ಗುಬ್ಬಿ ಕಂಪನಿ ಸೇರಿದ್ದ ಬಿ.ವಿ. ಕಾರಂತರು ಶಿವರಾಮ ಕಾರಂತರ ‘ಚೋಮನ ದುಡಿ’ ಕಾದಂಬರಿಯನ್ನು ತೆರೆಗೆ ತಂದಾಗ ಪರದೆಯನ್ನು ಪೂರ್ತಿ ಕಳಚಿದರು. ಕಥಾನಾಯಕ ಚೋಮನಿಗೆ ದೇವಲೋಕದ ಪೂರ್ವಕಥೆಯಿಲ್ಲ. ಅವನ ಗುಡಿಸಲು, ಒಡೆಯನ ಗದ್ದೆ, ಮಕ್ಕಳು ಸಾಲ ತೀರಿಸಲು ದುಡಿಯುವ ತೋಟ, ಇವುಗಳ ನಡುವೆಯೇ ಅವನು ಯಾರೆಂಬುದು ತೀರ್ಮಾನವಾಗಿದೆ: ಜೋಡಿ ಎತ್ತುಗಳಿವೆ, ಉಳಲು ಭೂಮಿಯಿಲ್ಲ, ಕೇಳುವ ಹಕ್ಕೂ ಇಲ್ಲ. ಸ್ಥಳವಿಲ್ಲಿ ಹಿನ್ನೆಲೆಯಲ್ಲ, ಜಾತಿವ್ಯವಸ್ಥೆಯ ಕಣ್ಣಿಗೆ ಕಾಣುವ ರೂಪ.

ಆದರೂ ಕಂಪನಿ ನಾಟಕದ ಒಂದು ಅಂಶವನ್ನು, ಪಾತ್ರವನ್ನು ತಿಳಿಸುವ ಸಂಗೀತವನ್ನು, ಬಿ.ವಿ. ಕಾರಂತರು ಕೈಬಿಡಲಿಲ್ಲ. ಚಿತ್ರಕ್ಕೆ ಸಂಗೀತವೂ ಅವರದೇ. ರಂಗದ ಪಕ್ಕದಲ್ಲಿ ಕುಳಿತ ಹಾರ್ಮೋನಿಯಂ, ತಬಲಗಳು ಹೊರಗಿನಿಂದ ನಟನ ಬರವನ್ನು ಸಾರುತ್ತಿದ್ದವು. ಇಲ್ಲಿ ವಾದ್ಯ ಪಾತ್ರದ ಕೈಗೇ ಬಂದಿದೆ. ಎಂ.ವಿ. ವಾಸುದೇವರಾವ್ ಅವರ ಚೋಮ ಒಡೆಯನ ಮುಂದೆ ಆಡಲಾರದ್ದನ್ನು ದುಡಿ ಎಂಬ ತನ್ನ ಚರ್ಮವಾದ್ಯದಲ್ಲಿ ಬಡಿಯುತ್ತಾನೆ. ದಿಣ್ಣನನ್ನು ನಾವು ಅವನ ಕಥೆಯಿಂದ ಗುರುತಿಸುತ್ತೇವೆ, ಚೋಮನನ್ನು ಅವನದೇ ಸದ್ದಿನಿಂದ.