ಕಾರಣವಿಲ್ಲದೆ ಗಾಬರಿ, ಎದೆಬಡಿತವೇ? ಥೈರಾಯ್ಡ್ ಒಮ್ಮೆ ಪರೀಕ್ಷಿಸಿ

ಸುಮ್ಮನೆ ಕೂತಿದ್ದರೂ ಎದೆ ಢವಢವ ಅನ್ನುತ್ತದೆ, ಕೈ ನಡುಗುತ್ತದೆ, ರಾತ್ರಿ ನಿದ್ದೆ ಹತ್ತುವುದಿಲ್ಲ. ಮನೆಯವರು ಮಾತ್ರ 'ಜಾಸ್ತಿ ಯೋಚನೆ ಮಾಡ್ತಾಳೆ, ಅದಕ್ಕೇ' ಅಂತ ತೀರ್ಪು ಕೊಟ್ಟುಬಿಡುತ್ತಾರೆ. ಕೆಲವರಲ್ಲಿ ಇದಕ್ಕೆಲ್ಲ ಕಾರಣ ಕುತ್ತಿಗೆಯ ಮುಂಭಾಗದಲ್ಲಿರುವ ಚಿಟ್ಟೆ ಆಕಾರದ ಥೈರಾಯ್ಡ್ ಗ್ರಂಥಿ.

ಈ ಗ್ರಂಥಿಯ ಟಿ3, ಟಿ4 ಹಾರ್ಮೋನುಗಳು ಅತಿಯಾದರೆ ಅದು ಹೈಪರ್‌ಥೈರಾಯ್ಡಿಸಂ. ಆಗ ಹೃದಯ ಜೋರಾಗಿ ಓಡುತ್ತದೆ, ಹೆದರುವಂಥದ್ದು ಏನೂ ಇಲ್ಲದಿದ್ದರೂ ದೇಹ ಹೆದರಿದಂತೆಯೇ ವರ್ತಿಸುತ್ತದೆ. ಪ್ಯಾನಿಕ್ ಅಟ್ಯಾಕ್ ಸಾಮಾನ್ಯವಾಗಿ ನಿಮಿಷಗಳಲ್ಲಿ ಏರಿ ಇಳಿಯುತ್ತದೆ. ಥೈರಾಯ್ಡ್‌ನ ಎದೆಬಡಿತ ಹಾಗಲ್ಲ, ಮಲಗಿದ್ದಾಗಲೂ ಬಿಡುವುದಿಲ್ಲ. ಚೆನ್ನಾಗಿ ಉಂಡರೂ ತೂಕ ಇಳಿಯುವುದು, ಸೆಖೆ ತಡೆಯಲಾಗದಿರುವುದು, ಪದೇ ಪದೇ ಭೇದಿ, ಮುಟ್ಟಿನಲ್ಲಿ ಏರುಪೇರು ಜೊತೆಗಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಗ್ರೇವ್ಸ್ ಕಾಯಿಲೆಯಲ್ಲಿ ಕಣ್ಣು ಉಬ್ಬಿದಂತೆಯೂ ಕಾಣಬಹುದು.

ಬಾಣಂತಿಯರ ವಿಷಯದಲ್ಲಿ ಇದು ಸುಲಭವಾಗಿ ಕಣ್ತಪ್ಪುತ್ತದೆ. ಹೆರಿಗೆಯಾದ ಒಂದು ವರ್ಷದೊಳಗೆ ಗ್ರಂಥಿಗೆ ಉರಿಯೂತ ಬಂದು, ಮೊದಲು ಹಾರ್ಮೋನು ಹೆಚ್ಚಾಗಿ, ಆಮೇಲೆ ಕಡಿಮೆಯಾಗಬಹುದು. ಮಗು ರಾತ್ರಿಯೆಲ್ಲಾ ಎಬ್ಬಿಸುತ್ತೆ, ಅದಕ್ಕೇ ಹೀಗೆ ಎಂದು ಎಲ್ಲರೂ ಸುಮ್ಮನಾಗುತ್ತಾರೆ.

ಹಾರ್ಮೋನು ಕಡಿಮೆಯಾದವರಿಗೂ ಸುಸ್ತು, ಬೇಸರದ ಜೊತೆ ಆತಂಕ ಬರಬಹುದು. ಅವರು ತಗೊಳ್ಳುವ ಥೈರಾಕ್ಸಿನ್ ಮಾತ್ರೆಯ ಡೋಸ್ ಹೆಚ್ಚಾದರೂ ಇದೇ ಗಾಬರಿ. ತೂಕ ಇಳಿಸೋಕೆ ಅಂತ ಬೇರೆಯವರ ಥೈರಾಯ್ಡ್ ಮಾತ್ರೆ ನುಂಗುವುದಂತೂ ಹೃದಯಕ್ಕೇ ಅಪಾಯ.

ಪತ್ತೆಗೆ ಮೊದಲು ಬೇಕಾದ್ದು ಟಿಎಸ್‌ಎಚ್ ರಕ್ತಪರೀಕ್ಷೆ. ರಿಪೋರ್ಟ್ ಓದುವಾಗ ಎಡವುವವರು ಬಹಳ: ಥೈರಾಯ್ಡ್ ಹೆಚ್ಚಾದಾಗ ಟಿಎಸ್‌ಎಚ್ ಸಾಮಾನ್ಯವಾಗಿ ಇಳಿಯುತ್ತದೆ. 'ಲೋ' ಅಂತ ಬರೆದಿದೆ, ಥೈರಾಯ್ಡ್ ಕಡಿಮೆ ಎಂದುಕೊಂಡರೆ ಅರ್ಥ ತಿರುವುಮುರುವು. ಕೂದಲಿಗೆಂದು ತಗೊಳ್ಳುವ ಬಯೋಟಿನ್ ಮಾತ್ರೆಯೂ ಫಲಿತಾಂಶ ಕೆಡಿಸುತ್ತದೆ. ಅದನ್ನು ಕನಿಷ್ಠ 2 ದಿನ ಮೊದಲೇ ನಿಲ್ಲಿಸಬೇಕು, ಡಾಕ್ಟರಿಗೂ ಹೇಳಬೇಕು.

ಹೈಪರ್‌ಥೈರಾಯ್ಡಿಸಂಗೆ ಕಾರ್ಬಿಮಜೋಲ್‌ನಂಥ ಮಾತ್ರೆ ಕೊಡುತ್ತಾರೆ. ಗುಣ ಕಾಣಲು ಕೆಲವು ವಾರ ಬೇಕು, ಅಲ್ಲಿಯವರೆಗೆ ಎದೆಬಡಿತ, ನಡುಕ ತಗ್ಗಿಸಲು ಪ್ರೊಪ್ರನಲಾಲ್ ಕೊಡುವುದುಂಟು. ಆಸ್ತಮಾ ಇದ್ದರೆ ಮೊದಲೇ ತಿಳಿಸಿ. ಕಾರ್ಬಿಮಜೋಲ್ ತಗೊಳ್ಳುವಾಗ ಜ್ವರ, ಗಂಟಲುನೋವು ಬಂದರೆ ಮಾತ್ರೆ ನಿಲ್ಲಿಸಿ ಅದೇ ದಿನ ರಕ್ತಕಣಗಳ ಪರೀಕ್ಷೆ ಮಾಡಿಸಬೇಕು.

ಥೈರಾಯ್ಡ್ ನಾರ್ಮಲ್ ಬಂದರೆ ಆತಂಕ ಸುಳ್ಳು ಎಂದಲ್ಲ. ಅದಕ್ಕೂ ಚಿಕಿತ್ಸೆ ಇದೆ. ಮನೋವೈದ್ಯರು ಬರೆದ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಎದೆನೋವು, ಉಸಿರಾಟದ ತೊಂದರೆ, ವಿಪರೀತ ಜ್ವರದ ಜೊತೆ ಗೊಂದಲದ ಮಾತು ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.